ಬೀಜದ ಹಿಂದೆ ಅವರೆಕಾಳಿನಷ್ಟು ಗಂಟು ಸಿಕ್ಕಿದೆ, ಮದುವೆಗೆ ಆರೇ ವಾರ

ತುಂಗಾತೀರ · ಭಾನುವಾರ ರಾತ್ರಿ 11:50

ಯಾರ ಹತ್ತಿರವೂ ಬಾಯಿ ಬಿಡೋಕಾಗದೆ ಇಲ್ಲಿ ಬರೀತಿದ್ದೀನಿ. ವಯಸ್ಸು 28, ಊರು ತೀರ್ಥಹಳ್ಳಿ ಕಡೆ, ಕೆಲಸ ಬೆಂಗಳೂರಲ್ಲಿ. ಹೋದ ಭಾನುವಾರ ಊರಲ್ಲಿ ಎಣ್ಣೆಸ್ನಾನ ಮಾಡ್ತಿದ್ದಾಗ ಬಲಗಡೆ ಬೀಜದ ಹಿಂದೆ, ಸ್ವಲ್ಪ ಮೇಲಕ್ಕೆ, ಏನೋ ಕೈಗೆ ಸಿಕ್ಕಿತು. ಹಸಿ ಅವರೆಕಾಳಿನಷ್ಟು ಇದೆ. ಸಿಪ್ಪೆ ಹಿತುಕಿದ ಅವರೆಯ ಹಾಗೆ ನುಣುಪು, ಬೆರಳಿಟ್ಟರೆ ಜಾರುತ್ತೆ. ನೋವಿಲ್ಲ, ಕೆಂಪಾಗಿಲ್ಲ, ಜ್ವರ ಇಲ್ಲ. ಎಡಗಡೆ ಮುಟ್ಟಿ ನೋಡಿದೆ, ಅಲ್ಲಿ ಅಂಥದ್ದೇನೂ ಇಲ್ಲ.

ಏಳು ದಿನದಿಂದ ರಾತ್ರಿ ಮೊಬೈಲ್ ಹಿಡಿದು ಹುಡುಕೋದೇ ಕೆಲಸ ಆಗಿದೆ. ಒಂದು ಕಡೆ ಏನೂ ಆಗಲ್ಲ ಅಂತಾರೆ, ಇನ್ನೊಂದು ಕಡೆ ಕ್ಯಾನ್ಸರ್ ಅಂತಾರೆ. ಮದುವೆಗೆ ಆರು ವಾರ ಇದೆ. ಸರಿಯಾಗಿ ಊಟ ಸೇರ್ತಿಲ್ಲ ಅಂತ ಅಮ್ಮ ‘ಹುಡುಗಿ ಇಷ್ಟ ಇಲ್ವಾ ನಿಂಗೆ’ ಅಂತ ಕೇಳ್ತಿದ್ದಾರೆ. ಅಪ್ಪನಿಗೆ ಹೇಳೋಣ ಅಂದ್ರೆ ನಮ್ಮನೇಲಿ ಸೊಂಟದ ಕೆಳಗಿನ ಮಾತು ಇವತ್ತಿನವರೆಗೂ ಯಾರೂ ಆಡಿದ್ದಿಲ್ಲ.

ಇದು ಕ್ಯಾನ್ಸರ್ ಇರಬಹುದಾ? ಮಕ್ಕಳಾಗೋಕೆ ತೊಂದರೆಯಾ? ಹುಡುಗಿಗೆ ಹೇಳಬೇಕಾ?

ಮೈಸೂರ್_ಮಾವ · ಸೋಮವಾರ ಬೆಳಿಗ್ಗೆ 6:15

ತಮ್ಮಾ, ನನಗೆ 52. ನೀನು ಹೇಳಿದ ಜಾಗದಲ್ಲೇ, ನೀನು ಹೇಳಿದಂಥದ್ದೇ ಒಂದು ಗಂಟು 11 ವರ್ಷದಿಂದ ಇದೆ. ಸ್ಕ್ಯಾನ್ ಮಾಡಿಸಿದೆ, ನೀರುಗುಳ್ಳೆ ಅಂದರು, ಬಿಟ್ಟುಬಿಟ್ಟೆ. ನಿನ್ನದೂ ಅದೇ ಅಂತ ನಾನು ಹೇಳೋಕಾಗಲ್ಲ. ಇವತ್ತೇ ಹೋಗಿ ತೋರಿಸು. ಆ ಏಳು ರಾತ್ರಿ ನಾನೂ ಕಳೆದಿದ್ದೀನಿ, ಎಂಟನೇದು ಬೇಡ.

ಹಾಸನದ_ಸರ್ಜನ್ · ಸೋಮವಾರ ಮಧ್ಯಾಹ್ನ 2:30

19 ವರ್ಷದಿಂದ ಸರ್ಜರಿ ಓಪಿಡಿಯಲ್ಲಿ ಕೂತಿದ್ದೇನೆ. ಮುಟ್ಟಿ ನೋಡದೆ ನಿಮಗೆ ಏನಿದೆ ಅಂತ ಹೇಳಲಾರೆ. ಆದರೆ ಓಪಿಡಿಯಲ್ಲಿ ನಾವು ಹೇಗೆ ಯೋಚಿಸುತ್ತೇವೆ ಅನ್ನೋದನ್ನು ಬಿಡಿಸಿ ಹೇಳಬಹುದು.

ಗಂಟು ಅಂತ ಯಾರಾದರೂ ಬಂದರೆ ನಮ್ಮ ಮೊದಲ ಪ್ರಶ್ನೆ ಒಂದೇ: ಗಂಟು ಬೀಜದ ಒಳಗಿದೆಯೋ, ಬೀಜದಿಂದ ಬೇರೆಯಾಗಿದೆಯೋ? ಉಳಿದ ಪ್ರಶ್ನೆಗಳೆಲ್ಲ ಆಮೇಲೆ.

ಬೀಜ, ಅಂದರೆ ವೃಷಣ, ಪಾರಿವಾಳದ ಮೊಟ್ಟೆಯಷ್ಟಿರುತ್ತದೆ, ಮೇಲ್ಮೈ ನುಣುಪು. ಅದರ ಹಿಂಬದಿಗೆ, ಮೇಲಿಂದ ಕೆಳಗಿನವರೆಗೆ, ಮೆತ್ತಗಿನ ಹುರಿಯಂಥದ್ದು ಅಂಟಿಕೊಂಡಿರುತ್ತದೆ. ಅದು ಎಪಿಡಿಡಿಮಿಸ್. ನಿಜವಾಗಿ ಅದು ಒಂದೇ ಒಂದು ಕೊಳವೆ, ಬಿಚ್ಚಿ ಎಳೆದರೆ ಸುಮಾರು 6 ಮೀಟರ್ ಬರುತ್ತದೆ. ದೇವರ ಮುಂದಿನ ಹೂಬತ್ತಿಗಿಂತ ಚಿಕ್ಕ ಜಾಗದಲ್ಲಿ ಸುತ್ತಿ ಸುತ್ತಿ ಇಟ್ಟ ಹಾಗೆ. ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳ ಮೇಲೆ ಬೇಕು. ತಯಾರಾದದ್ದು ಈ ಕೊಳವೆಯಲ್ಲಿ ಸಾಗುತ್ತಾ ಈಜಲು ಕಲಿಯುತ್ತದೆ. ಆ ಕೊಳವೆಯ ತಲೆಭಾಗದಲ್ಲಿ ಎಲ್ಲಾದರೂ ಒಂದು ಸಣ್ಣ ಕವಲು ಉಬ್ಬಿ ನೀರು ತುಂಬಿಕೊಂಡರೆ ಅದು ಎಪಿಡಿಡಿಮಲ್ ಸಿಸ್ಟ್. ಒಳಗಿನ ನೀರಲ್ಲಿ ವೀರ್ಯಾಣು ಇದ್ದರೆ ಸ್ಪರ್ಮಟೋಸೀಲ್ ಅಂತೀವಿ. ಸಿಸ್ಟ್‌ನ ನೀರು ತಿಳಿ, ಸ್ಪರ್ಮಟೋಸೀಲ್‌ನದು ಹಾಲು ಬೆರೆಸಿದ ಹಾಗೆ. ಸ್ಕ್ಯಾನ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಚಿಕಿತ್ಸೆಯೂ ಒಂದೇ. ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇವು ಅಪರೂಪವಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿಕೊಂಡ ಗಂಡಸರಲ್ಲೂ ಎಷ್ಟೋ ಜನರಿಗೆ ಇಂಥ ಸಣ್ಣ ಗುಳ್ಳೆ ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ.

ಆದರೆ ಗಂಟು ಬೀಜದ ಮೈಯಲ್ಲೇ ಇದ್ದು, ಬೆರಳಿಗೆ ಗೋಡಂಬಿಯಷ್ಟು ಗಟ್ಟಿ ತಾಗಿ, ಬೀಜ ಬಿಟ್ಟು ಅದೊಂದೇ ಜಾರದಿದ್ದರೆ ಕಥೆ ಬೇರೆ. ನೋವಿಲ್ಲ ಅಂತ ಅದನ್ನು ಬಿಡಬೇಡಿ. ವೃಷಣದ ಕ್ಯಾನ್ಸರ್ ಹೆಚ್ಚಾಗಿ ನೋವಿಲ್ಲದೆಯೇ ಬರುತ್ತದೆ, ಅದೂ ನಿಮ್ಮಂಥ ಹರೆಯದವರಲ್ಲಿ.

ತುಂಗಾತೀರ, ನೀವು ಬರೆದದ್ದು ಮೊದಲನೆಯದಕ್ಕೆ ಹತ್ತಿರ ಇದೆ. ಆದರೂ ಅಲ್ಟ್ರಾಸೌಂಡ್ ಆಗಲೇಬೇಕು. ಹತ್ತು ಹದಿನೈದು ನಿಮಿಷದ ಕೆಲಸ, ಸೂಜಿ ಇಲ್ಲ, ನೋವಿಲ್ಲ.

ಕೆಂಪಂಗಿ_ಕಂಡಕ್ಟರ್ · ಸೋಮವಾರ ಸಂಜೆ 7:05

ಡಾಕ್ಟ್ರೇ, ಮೊಬೈಲ್ ಟಾರ್ಚ್ ಇಟ್ಟು ನೋಡಿದರೆ ಗೊತ್ತಾಗುತ್ತೆ ಅಂತ ಒಬ್ಬರು ಹೇಳಿದ್ರು. ನಿಜಾನಾ?

ಹಾಸನದ_ಸರ್ಜನ್ · ಸೋಮವಾರ ಸಂಜೆ 7:40

ಕತ್ತಲೆ ಕೋಣೆಯಲ್ಲಿ ಬೆಳಕು ಹಿಡಿದರೆ ನೀರು ತುಂಬಿದ ಬಾವು ಕೆಂಪಗೆ ಹೊಳೆಯುತ್ತದೆ, ಗಟ್ಟಿ ಗಂಟು ಹೊಳೆಯಲ್ಲ. ನಾವೂ ಮಾಡುತ್ತೇವೆ. ಆದರೆ ನೀವು ಮನೆಯಲ್ಲಿ ಅದರ ಮೇಲೆ ತೀರ್ಮಾನ ಮಾಡಬೇಡಿ. ಕೆಲವೊಮ್ಮೆ ಒಳಗೆ ಕ್ಯಾನ್ಸರ್ ಗಂಟಿದ್ದು, ಅದರ ಸುತ್ತ ನೀರು ತುಂಬಿಕೊಂಡಿರುತ್ತದೆ. ಹೊರಗಿಂದ ಚೆನ್ನಾಗಿಯೇ ಹೊಳೆಯುತ್ತದೆ, ಒಳಗಿನದು ಕಾಣಲ್ಲ.

ಬಸ್‌ಸ್ಟ್ಯಾಂಡ್_ಗೋಡೆ · ಸೋಮವಾರ ರಾತ್ರಿ 10:20

ಇಲ್ಲಿ ನನ್ನದೊಂದು ಹೇಳಲೇಬೇಕು. ನನಗೆ 22 ಇದ್ದಾಗ ಇಂಥದ್ದೇ ಗುಳ್ಳೆ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ‘ಗುಪ್ತರೋಗಗಳಿಗೆ ಖಚಿತ ಪರಿಹಾರ, ಪ್ರತಿ ತಿಂಗಳ 2ನೇ ಭಾನುವಾರ ಲಾಡ್ಜ್‌ನಲ್ಲಿ ಭೇಟಿ’ ಅಂತ ಹಳದಿ ಪೋಸ್ಟರ್ ಇತ್ತು. ಹೋದೆ. ಆ ಮನುಷ್ಯ ನನ್ನನ್ನು ಮುಟ್ಟಿಯೂ ನೋಡಲಿಲ್ಲ. ‘ಕೈ ಬಳಸಿದ್ದೀಯಾ?’ ಅಂತ ಕೇಳಿದ. ತಲೆ ತಗ್ಗಿಸಿದೆ. ‘ಧಾತು ಕೆಟ್ಟು ಅಲ್ಲಿ ಗಂಟಾಗಿದೆ, ಬಿಟ್ಟರೆ ಮದುವೆಗೆ ಲಾಯಕ್ಕಿಲ್ಲ’ ಅಂದ. ಒಂದೂವರೆ ವರ್ಷ ಪುಡಿ, ಲೇಹ್ಯ, ಎಣ್ಣೆ. 18,000 ರೂಪಾಯಿ ಹೋಯಿತು. ಅಡಿಕೆ ಮಂಡಿಯಲ್ಲಿ ಮೂಟೆ ಹೊತ್ತು ದುಡಿದ ದುಡ್ಡು ಅದು. ದುಡ್ಡಿಗಿಂತ ಹೆಚ್ಚಾಗಿ, ಆ ಒಂದೂವರೆ ವರ್ಷ ನಾನು ತಪ್ಪು ಮಾಡಿದವನು ಅಂತ ನಂಬಿಕೊಂಡೇ ಬದುಕಿದೆನಲ್ಲ, ಅದು ಈಗಲೂ ಹೊಟ್ಟೆ ಉರಿಸುತ್ತೆ.

ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ರೂಪಾಯಿ ಚೀಟಿ ಮಾಡಿಸಿ ಹೋದೆ. ಸ್ಕ್ಯಾನ್ ಆಯಿತು. 9 ಮಿಲಿಮೀಟರ್ ಸಿಸ್ಟ್. ಆ ಹುಡುಗ ಡಾಕ್ಟರ್ ಹೇಳಿದ್ದು ಇಷ್ಟೇ: ‘ಇದಕ್ಕೂ ನೀವು ಮಾಡಿದ್ದಕ್ಕೂ ಸಂಬಂಧವೇ ಇಲ್ಲ ಅಣ್ಣಾ.’ ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಹಾಸನದ_ಸರ್ಜನ್ · ಸೋಮವಾರ ರಾತ್ರಿ 10:55

ಆ ಯುವ ವೈದ್ಯರು ಹೇಳಿದ್ದು ನೂರಕ್ಕೆ ನೂರು ಸರಿ. ಹಸ್ತಮೈಥುನದಿಂದ ಸಿಸ್ಟ್ ಬರಲ್ಲ, ವೇರಿಕೋಸೀಲ್ (ಬೀಜದ ಮೇಲಿನ ರಕ್ತನಾಳ ಉಬ್ಬುವುದು) ಬರಲ್ಲ, ವೀರ್ಯ ಖಾಲಿಯಾಗುವುದೂ ಇಲ್ಲ. ಧಾತು ಹೋಗುತ್ತಿದೆ ಅಂತ ಹೆದರಿ ಸುಸ್ತಾಗಿ ಬರುವವರು ನಮ್ಮಲ್ಲಿ ಎಷ್ಟಿದ್ದಾರೆಂದರೆ, ಅದಕ್ಕೆ ಡಾ. ಎನ್.ಎನ್. ವಿಗ್ ಅವರು 1960ರಲ್ಲೇ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ಅವರು ಮನೋವೈದ್ಯರು. ಕಾಯಿಲೆ ವೀರ್ಯದಲ್ಲಿಲ್ಲ, ಹೆದರಿಕೆಯಲ್ಲಿದೆ ಅನ್ನೋದನ್ನು ಅಷ್ಟು ಹಿಂದೆಯೇ ಗುರುತಿಸಿದ್ದರು.

ಕಲಬುರಗಿ_ಹೆಲ್ತ್‌ವರ್ಕರ್ · ಮಂಗಳವಾರ ಬೆಳಿಗ್ಗೆ 9:10

ನಮ್ಮ ಕಡಿ ಮಾತು ಸ್ವಲ್ಪ ಬ್ಯಾರೆ ಅದ ರೀ. ಇಲ್ಲಿ ಸಣ್ಣ ಗುಳ್ಳಿ ಅಂತ ಯಾರೂ ಬರಂಗಿಲ್ಲ. ಬೀಜದ ಚೀಲ ತೆಂಗಿನಕಾಯಿ ಅಷ್ಟು ಆದ್ಮ್ಯಾಲ ಬರ್ತಾರ. ಅಂಡವಾಯು ಅಂತಾರ, ತರಡುಬಾವು ಅಂತಾರ. ಹೈಡ್ರೋಸೀಲ್ ಅದು, ಬೀಜದ ಸುತ್ತ ಪೊರಿಯೊಳಗ ನೀರು ತುಂಬೋದು. ಎಲ್ಲಾದಕ್ಕೂ ಆನೆಕಾಲು ರೋಗ ಕಾರಣ ಅಲ್ರೀ, ಆದ್ರ ಕಲಬುರಗಿ, ಬೀದರ, ಯಾದಗಿರಿ ಕಡಿ ಆ ಸೊಳ್ಳಿ ರೋಗದಿಂದ ಬಂದದ್ದು ಭಾಳ ನೋಡೀವಿ. ಆ ರೋಗ ತರೂ ಹುಳದ ಮರಿ ರಕ್ತದಾಗ ರಾತ್ರಿನೇ ಅಡ್ಡಾಡ್ತಾವ, ಅದಕ್ಕ ನಾವು ರಾತ್ರಿ ಹತ್ತರ ಮ್ಯಾಲ ಮನಿ ಮನಿ ತಿರುಗಿ ಬೆರಳ ಚುಚ್ಚಿ ರಕ್ತ ತಗೋತೀವಿ. ಬಾಗಿಲಾ ತೆಗ್ಯಾಕ ಮಂದಿ ಬೈತಾರ. ಮಾತ್ರಿ ಕೊಟ್ರ ‘ನಮಗೇನ್ ರೋಗ ಇಲ್ಲ’ ಅಂತ ಕಿಸೇದಾಗ ಇಟ್ಕೋತಾರ, ಅದಕ್ಕ ನಮ್ಮೆದುರಿಗೇ ನುಂಗಿಸ್ತೀವಿ.

ಒಬ್ಬ ಅಜ್ಜಾರು 14 ವರ್ಷ ಹಂಗೇ ಹೊತ್ಕೊಂಡು ಹೊಲಾ ಮಾಡ್ಯಾರ ನೋಡ್ರಿ. ಆಪರೇಷನ್ ಮಾಡಿದ್ರ ಹೋಗೂದು. ಸೂಜಿ ಹಾಕಿ ನೀರು ತೆಗಸ್ಕೊಂಡು ಬಂದವ್ರಿಗೆ ಮತ್ತ ತುಂಬ್ತದ, ಕೀವು ಆಗೂ ಭಯಾನೂ ಅದ. ಮದುವ್ಯಾಗ, ಜಾತ್ರ್ಯಾಗ ಎಲ್ಲೂ ಹೋಗ್ತಿದ್ದಿಲ್ಲ ಅವ್ರು. ಆಪರೇಷನ್ ಆದ ವರ್ಷ ಶರಣಬಸವೇಶ್ವರ ಜಾತ್ರಿಗೆ ಮೊಮ್ಮಗನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ಬಂದಿದ್ರು. ನನ್ನ ಕಂಡು ಕೈ ಎತ್ತಿದ್ರು.

ಅಕ್ಕ_ದಾವಣಗೆರೆ · ಮಂಗಳವಾರ ಮಧ್ಯಾಹ್ನ 1:00

ಹೆಣ್ಣುಮಗಳು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ಬರೆಯುತ್ತೇನೆ. ನೋವಿಲ್ಲದ ಗಂಟಿನ ಬಗ್ಗೆ ಇಷ್ಟು ಮಾತಾಯಿತು, ನೋವಿನ ಬಗ್ಗೆಯೂ ಒಬ್ಬರು ಹೇಳಬೇಕು.

ನನ್ನ ತಮ್ಮ ಪಿಯುಸಿ ಓದುವಾಗ ಹಾಸ್ಟೆಲ್‌ನಲ್ಲಿದ್ದ. ಒಂದು ರಾತ್ರಿ ಎರಡು ಗಂಟೆಗೆ ಎಡಗಡೆ ಬೀಜದಲ್ಲಿ ತಡೆಯಲಾರದ ನೋವು ಶುರುವಾಗಿ ವಾಂತಿಯಾಯಿತು. ವಾರ್ಡನ್‌ಗೆ ‘ಹೊಟ್ಟೆನೋವು’ ಅಂದ. ನಿಜವಾದ ಜಾಗ ಹೇಳಲು ನಾಚಿಕೆ. ಗ್ಯಾಸ್ ಮಾತ್ರೆ ಕೊಟ್ಟರು. ಬೆಳಿಗ್ಗೆ ನನಗೆ ಫೋನ್ ಮಾಡಿದಾಗಲೂ ಹೊಟ್ಟೆ ಅಂತಲೇ ಹೇಳಿದ. ನಾನು ಓಮದ ನೀರು ಕುಡಿ ಅಂದೆ. ಆಸ್ಪತ್ರೆ ಸೇರುವಾಗ ಮಧ್ಯಾಹ್ನ ಹನ್ನೆರಡು. ಬೀಜ ತನ್ನ ಹುರಿಯ ಮೇಲೆ ತಿರುಚಿಕೊಂಡು ರಕ್ತ ಹೋಗುವುದು ನಿಂತಿತ್ತು. ಟಾರ್ಷನ್ ಅಂದರು. ಆರು ಗಂಟೆಯೊಳಗೆ ಬಂದಿದ್ದರೆ ಉಳಿಸಬಹುದಿತ್ತು ಅಂದರು. ತೆಗೆಯಬೇಕಾಯಿತು. ಇನ್ನೊಂದು ಬೀಜ ಹಾಗೆ ತಿರುಗದಂತೆ ಅದೇ ಆಪರೇಷನ್‌ನಲ್ಲಿ ಹೊಲಿದು ನಿಲ್ಲಿಸಿದರು.

ಈಗ ಅವನಿಗೆ 31, ಒಂದೇ ಬೀಜ, ಇಬ್ಬರು ಮಕ್ಕಳು, ಚೆನ್ನಾಗಿದ್ದಾನೆ. ಆದರೆ ಆ ಓಮದ ನೀರಿನ ಮಾತು ನನ್ನನ್ನು ಬಿಟ್ಟಿಲ್ಲ. ನನ್ನ ಮಗನಿಗೆ ಹನ್ನೊಂದು ತುಂಬಿದ ದಿನವೇ ಕೂರಿಸಿಕೊಂಡು ಹೇಳಿದೆ: ಅಲ್ಲಿ ನೋವು ಬಂದರೆ ಅಲ್ಲಿ ಅಂತಲೇ ಹೇಳು, ಹೊಟ್ಟೆ ಅನ್ನಬೇಡ.

ಶಾರ್ಜಾ_ಕುಂದಾಪ್ರ · ಮಂಗಳವಾರ ರಾತ್ರಿ 9:45

ಮೇಲೆ ಡಾಕ್ಟರು ಎರಡನೇ ಥರದ ಗಂಟಿನ ಬಗ್ಗೆ ಬರೆದರಲ್ಲ, ನನ್ನದು ಅದು. 33ನೇ ವಯಸ್ಸು. ಬಲಗಡೆ ಬೀಜವೇ ಒಂದು ಕಡೆ ಕಲ್ಲಾದ ಹಾಗೆ. ನೋವಿಲ್ಲ. ಭಾರ ಅನ್ನಿಸುತ್ತಿತ್ತು, ಅಷ್ಟೇ. ರಜೆಗೆ ಊರಿಗೆ ಹೋದಾಗ ತೋರಿಸೋಣ ಅಂತ ಏಳು ತಿಂಗಳು ತಳ್ಳಿದೆ. ಏಳು ತಿಂಗಳು!

ಸ್ಕ್ಯಾನ್ ಆಯಿತು, ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಅನ್ನೋ ಕ್ಯಾನ್ಸರ್ ಸುಳಿವುಗಳನ್ನು ನೋಡಿದರು. ಸೂಜಿ ಹಾಕಿ ಚೂರು ತೆಗೆದು ನೋಡಲಿಲ್ಲ, ಈ ಜಾಗದಲ್ಲಿ ಹಾಗೆ ಮಾಡಬಾರದಂತೆ. ತೊಡೆಸಂದಿಯ ಮೇಲೆ ಕೊಯ್ದು ಬೀಜವನ್ನೇ ತೆಗೆದರು. ಹೊಟ್ಟೆಯೊಳಗಿನ ಗ್ರಂಥಿಗಳಿಗೂ ಹಬ್ಬಿತ್ತು. ಮೂರು ಸುತ್ತು ಕಿಮೊ. ಅದಕ್ಕೂ ಮೊದಲು ಒಬ್ಬ ನರ್ಸ್ ಬಂದು ‘ವೀರ್ಯ ಶೇಖರಿಸಿ ಇಡ್ತೀರಾ?’ ಅಂತ ಕೇಳಿದರು. ಆ ಹೊತ್ತಿಗೆ ನನಗೆ ಬದುಕಿದರೆ ಸಾಕಿತ್ತು, ಆದರೂ ಹೂಂ ಅಂದೆ. ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಆ ನರ್ಸ್ ಕೇಳದಿದ್ದರೆ ಅವಳಿಲ್ಲ.

ಹಬ್ಬಿದ ಮೇಲೂ ಹೆಚ್ಚಿನವರಲ್ಲಿ ವಾಸಿಯಾಗುವ ಕ್ಯಾನ್ಸರ್ ಇದು. 70ರ ದಶಕದಲ್ಲಿ ಸಿಸ್‌ಪ್ಲಾಟಿನ್ ಔಷಧಿ ಬಂದ ಮೇಲೆ ಚಿತ್ರವೇ ಬದಲಾಯಿತಂತೆ. ಕ್ರಿಕೆಟಿಗ ಯುವರಾಜ್ ಸಿಂಗ್‌ಗೆ ಎದೆಯಲ್ಲಿ ಬಂದದ್ದೂ ಇದೇ ಕುಲದ ಗಂಟು, ಸೆಮಿನೋಮಾ. 2012ರಲ್ಲಿ ಕಿಮೊ ಮುಗಿಸಿ ಅದೇ ವರ್ಷ ಮತ್ತೆ ಆಡಿದರು. ವಾರ್ಡಿನಲ್ಲಿ ಮಲಗಿ ಅದನ್ನೇ ನೆನೆಯುತ್ತಿದ್ದೆ.

ಹುಬ್ಬಳ್ಳಿ_ವೈರ್‌ಮನ್ · ಬುಧವಾರ ಬೆಳಿಗ್ಗೆ 7:30

ಸಿಸ್ಟ್ ಆಪರೇಷನ್ ಮಾಡಿಸಿಕೊಂಡವನು ನಾನು. ನಿಂಬೆಹಣ್ಣಿನಷ್ಟು ಆಗಿತ್ತು, ಏಣಿ ಹತ್ತುವಾಗ ಒತ್ತಿ ನೋವಾಗ್ತಿತ್ತು. ಮೊದಲ ಸಲ ಹೋದಾಗ ಡಾಕ್ಟರ್ ಕೇಳಿದ್ದು ‘ಮಕ್ಕಳಾಗ್ಯಾವೇನು?’ ಅಂತ. ಇನ್ನೂ ಆಗಿರಲಿಲ್ಲ. ಹಾಗಾದರೆ ತಡಿ, ಆ ಕೊಳವೆ ಕೂದಲಿನಷ್ಟು ಸಣ್ಣ, ತೆಗೆಯುವಾಗ ಗಾಯವಾಗಿ ಮುಚ್ಚಿಕೊಂಡರೆ ಆ ಕಡೆಯಿಂದ ವೀರ್ಯಾಣು ಬರೋದು ನಿಲ್ಲಬಹುದು ಅಂದರು. ಬಿಗಿ ಚಡ್ಡಿ ಹಾಕು, ನೋವಾದರೆ ಮಾತ್ರೆ ತಗೋ ಅಂದರು. ಎರಡು ಮಕ್ಕಳಾದ ಮೇಲೆ ಮಾಡಿಸಿದೆ. ಹದಿನೈದು ದಿನ ಬಾವು ಇತ್ತು, ಚೀಲ ಎಲ್ಲ ನೇರಳೆಹಣ್ಣಿನ ಬಣ್ಣ. ಆಮೇಲೆ ಏಣಿ ಹತ್ತಿದೆ.

ಸಣ್ಣದಿದ್ದು ನೋವಿಲ್ಲದಿದ್ದರೆ ತೆಗೆಸೋಕೆ ಹೋಗಬೇಡಿ. ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬರನ್ನು ಕೇಳಿ.

ನೇಸರ_ಮಂಡ್ಯ · ಬುಧವಾರ ಸಂಜೆ 5:20

ಮಕ್ಕಳ ಪ್ರಶ್ನೆಗೆ ನಮ್ಮ ಮನೆಯ ಅನುಭವ. ಮೂರು ವರ್ಷ ನನಗೇ ಚಿಕಿತ್ಸೆ ನಡೆಯಿತು. ಮಾತ್ರೆ, ಇಂಜೆಕ್ಷನ್, ಹೊಟ್ಟೆಗೆ ತೂತು ಹಾಕಿ ಒಳಗೆ ನೋಡುವ ಲ್ಯಾಪ್ರೊಸ್ಕೋಪಿ, ನಾಗರಕಲ್ಲಿಗೆ ಹಾಲು. ನಮ್ಮ ಯಜಮಾನರ ವೀರ್ಯ ಪರೀಕ್ಷೆ ಮಾಡಿಸಿ ಅಂದಾಗಲೆಲ್ಲ ಅತ್ತೆ ‘ನನ್ನ ಮಗನಿಗೇನಾಗಿದೆ’ ಅನ್ನುತ್ತಿದ್ದರು. ಕೊನೆಗೆ ಅವರೇ ಹಟ ಹಿಡಿದು ಹೋದರು. ಎರಡು ಸಲ ಪರೀಕ್ಷೆ, ಎಣಿಕೆ ಬಹಳ ಕಡಿಮೆ. ಎಡಗಡೆ ವೇರಿಕೋಸೀಲ್, ಕಾಲಿನ ನರ ಉಬ್ಬುವ ಹಾಗೆ ಬೀಜದ ಮೇಲಿನ ರಕ್ತನಾಳ ಉಬ್ಬಿದ್ದು. ನಿಂತಾಗ ಎರೆಹುಳುಗಳನ್ನು ಚೀಲದಲ್ಲಿಟ್ಟ ಹಾಗೆ ಕೈಗೆ ಸಿಗುತ್ತದೆ, ಮಲಗಿದರೆ ಇಳಿಯುತ್ತದೆ. ಆಪರೇಷನ್ ಆಗಿ ಏಳನೇ ತಿಂಗಳಿಗೆ ನನಗೆ ನಿಂತಿತು. ಎಲ್ಲರಿಗೂ ಹಾಗಾಗುತ್ತದೆ ಅನ್ನಲ್ಲ. ಆದರೆ ಸಾವಿರ ರೂಪಾಯಿಯೂ ಆಗದ ಒಂದು ಪರೀಕ್ಷೆಯನ್ನು ಮೊದಲ ತಿಂಗಳೇ ಮಾಡಿಸಿದ್ದರೆ ನನ್ನ ಹೊಟ್ಟೆಯಲ್ಲಿ ಮೂರು ತೂತು ಬೀಳುತ್ತಿರಲಿಲ್ಲ.

ಹಾಸನದ_ಸರ್ಜನ್ · ಬುಧವಾರ ರಾತ್ರಿ 9:30

ನೇಸರ ಅವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನೂರರಲ್ಲಿ ಸುಮಾರು 15 ಗಂಡಸರಿಗೆ ವೇರಿಕೋಸೀಲ್ ಇರುತ್ತದೆ, ಬಹಳಷ್ಟು ಮಂದಿಗೆ ಮಕ್ಕಳೂ ಆಗುತ್ತವೆ. ಹೆಚ್ಚಾಗಿ ಎಡಗಡೆಯೇ ಯಾಕೆಂದರೆ ಎಡಬೀಜದ ರಕ್ತನಾಳ ನೇರ ಮೇಲೇರಿ ಕಿಡ್ನಿಯ ರಕ್ತನಾಳಕ್ಕೆ ಲಂಬವಾಗಿ ಸೇರುತ್ತದೆ, ರಕ್ತ ಹಿಂದಕ್ಕೆ ಒತ್ತುತ್ತದೆ. ಬೀಜಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಅಲ್ಲಿ ಬಿಸಿರಕ್ತ ನಿಂತರೆ ವೀರ್ಯಾಣು ತಯಾರಿ ಕುಂಠಿತವಾಗುತ್ತದೆ.

ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸಂಯಮ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲಿಸುವವು ನೂರಕ್ಕೆ 42. ಸರಿಯಾದ ಆಕಾರದವು ನೂರಕ್ಕೆ 4 ಇದ್ದರೂ ಸಾಕು. ವರದಿಯಲ್ಲಿ ‘4%’ ಅಂತ ಕಂಡು ಕುಸಿದು ಕೂತವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಜಿಮ್‌ಗೆ ಹೋಗುವ ಹುಡುಗರು ಒಂದು ಮಾತು ಕೇಳಿ. ಮೈಕಟ್ಟಿಗೆ ಅಂತ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಂಡರೆ ‘ಹೊರಗಿಂದಲೇ ಬರುತ್ತಿದೆಯಲ್ಲ’ ಅಂತ ಮೆದುಳು ಬೀಜಕ್ಕೆ ಕಳಿಸುವ ಆಜ್ಞೆ ನಿಲ್ಲಿಸುತ್ತದೆ. ಬೀಜ ಸಣ್ಣದಾಗುತ್ತದೆ, ಎಣಿಕೆ ಸೊನ್ನೆಗೂ ಇಳಿಯಬಹುದು. ಬಿಟ್ಟ ಮೇಲೆ ಮರಳಿ ಬರಲು ತಿಂಗಳುಗಟ್ಟಲೆ ಬೇಕು.

ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ. ಎಪಿಡಿಡಿಮಿಸ್ ಮಣಿಮಣಿಯಾಗಿ ಗಟ್ಟಿಯಾಗಿ, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಟಿಬಿ ಇದೆಯೇ ನೋಡಲೇಬೇಕು.

ತುಂಗಾತೀರ · ಶುಕ್ರವಾರ ರಾತ್ರಿ 10:40

ಇವತ್ತು ಸ್ಕ್ಯಾನ್ ಆಯಿತು.

ಮೊದಲು ಡಾಕ್ಟರ್ ಕೈಯಲ್ಲಿ ನೋಡಿದರು. ನಿಲ್ಲಿಸಿ, ಕೆಮ್ಮಿಸಿ, ಮಲಗಿಸಿ. ಒಂದೇ ನಿಮಿಷ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಮೆಲ್ಲಗೆ ಹೊರಳಿಸಿ, ‘ಇದು ನಿಮ್ಮ ಬೀಜ, ಇದು ಬೇರೆ, ನಡುವೆ ಬೆರಳು ಹೋಗುತ್ತೆ ನೋಡಿ’ ಅಂತ ನನ್ನ ಕೈಯನ್ನೇ ಹಿಡಿದು ತೋರಿಸಿದರು. ಆ ಅಂತರ ನನ್ನ ಬೆರಳಿಗೇ ಗೊತ್ತಾಯಿತು. ಅಲ್ಲೇ ಅರ್ಧ ಭಾರ ಇಳಿಯಿತು.

ಸ್ಕ್ಯಾನ್ ಕೋಣೆಯಲ್ಲಿ ಒಂದು ಟವೆಲ್ ಕೊಟ್ಟರು. ಜೆಲ್ ತಣ್ಣಗಿತ್ತು. ಪರದೆಯಲ್ಲಿ ಬೂದುಬಣ್ಣದ ಮೊಟ್ಟೆ, ಅದರ ನೆತ್ತಿಯ ಹತ್ತಿರ ಕಪ್ಪಗೆ ಒಂದು ಚುಕ್ಕಿ, ಸುತ್ತ ತೆಳು ಗೆರೆ. ‘ಕಪ್ಪು ಅಂದರೆ ನೀರು’ ಅಂದರು. ವರದಿಯಲ್ಲಿ ಬರೆದಿರೋದು: ಬಲ ಎಪಿಡಿಡಿಮಿಸ್‌ನ ತಲೆಭಾಗದಲ್ಲಿ 7 × 5 ಮಿಲಿಮೀಟರ್ ಸಿಂಪಲ್ ಸಿಸ್ಟ್, ಎರಡೂ ವೃಷಣ ಸಹಜ. ಔಷಧಿ ಏನೂ ಕೊಡಲಿಲ್ಲ. ದೊಡ್ಡದಾದರೆ, ನೋವಾದರೆ ಬನ್ನಿ ಅಂದರು. ಇದರಿಂದ ಮಕ್ಕಳಿಗೆ ತೊಂದರೆ ಇಲ್ಲ, ಮದುವೆಗೆ ಮುಂಚೆ ವೀರ್ಯ ಪರೀಕ್ಷೆಯೂ ಬೇಡ ಅಂದರು.

ಹುಡುಗಿಗೆ ಸಂಜೆಯೇ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹತ್ತು ದಿನ ಒಬ್ಬರೇ ಇಟ್ಕೊಂಡಿದ್ರಾ?’ ಅಂದಳು. ತನಗೆ ಪಿಸಿಓಡಿ (ಮುಟ್ಟು ಏರುಪೇರಾಗೋ ಅಂಡಾಶಯದ ತೊಂದರೆ) ಇದೆ, ಹೇಗೆ ಹೇಳೋದು ಅಂತ ತಾನೂ ಎರಡು ತಿಂಗಳಿಂದ ಯೋಚಿಸ್ತಿದ್ದೆ ಅಂದಳು. ಒಂದೂವರೆ ಗಂಟೆ ಮಾತಾಡಿದೆವು.

ಆಮೇಲೆ ಅಪ್ಪನಿಗೂ ಮಾಡಿದೆ. ಹೇಗೋ ಧೈರ್ಯ ಬಂದಿತ್ತು. ಪೂರ್ತಿ ಕೇಳಿಸಿಕೊಂಡರು. ‘ಸ್ಕ್ಯಾನ್‌ಗೆ ಎಷ್ಟಾಯ್ತು?’ ಅಂದರು. ಹೇಳಿದೆ. ಸುಮ್ಮನಿದ್ದರು. ಆಮೇಲೆ, ‘ನಂಗೂ ಒಂದ್ ಕಡೆ ಬಾವು ಐತೆ ಮಾರಾಯ. ಐದಾರು ವರ್ಷ ಆಯ್ತು’ ಅಂದರು.

ಅಪ್ಪ ಸೈಕಲ್ ಬಿಟ್ಟು ಐದು ವರ್ಷವಾಯಿತು. ಪೇಟೆಗೆ ಹೋಗುವಾಗಲೂ ಪ್ಯಾಂಟ್ ಹಾಕದೆ ಪಂಚೆಯಲ್ಲೇ ಹೋಗ್ತಾರೆ. ಮಂಡಿನೋವು ಅಂತ ಹೇಳ್ತಿದ್ದರು, ನಾವು ಮಂಡಿಗೆ ಎಣ್ಣೆ ತಂದುಕೊಡ್ತಿದ್ದೆವು. ಡಾಕ್ಟ್ರೇ, ವಯಸ್ಸು 61. ಏನಿರಬಹುದು?

ಹಾಸನದ_ಸರ್ಜನ್ · ಶುಕ್ರವಾರ ರಾತ್ರಿ 11:10

ನಿಮ್ಮ ವರದಿ ಓದಿ ಸಂತೋಷವಾಯಿತು. ಅಪ್ಪನದು ಹೈಡ್ರೋಸೀಲ್ ಇರಬಹುದು, ಕರುಳು ಕೆಳಗಿಳಿಯುವ ಹರ್ನಿಯಾ ಇರಬಹುದು. ಕೆಮ್ಮಿದರೆ ಉಬ್ಬಿ ಮಲಗಿದರೆ ಒಳಗೆ ಹೋಗುವಂತಿದ್ದರೆ ಹರ್ನಿಯಾ ಕಡೆ ಅನುಮಾನ. ಒಳಗೆ ಹೋಗದೆ ಗಟ್ಟಿಯಾಗಿ, ನೋವು ವಾಂತಿ ಶುರುವಾದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈಗ ಅಂಥದ್ದಿಲ್ಲದಿದ್ದರೂ ಮದುವೆ ಮುಗಿಯಲಿ ಅಂತ ಕಾಯಬೇಡಿ.

ತುಂಗಾತೀರ · ಶನಿವಾರ ಬೆಳಿಗ್ಗೆ 8:05

ಮಂಗಳವಾರ ಶಿವಮೊಗ್ಗದಲ್ಲಿ ತೋರಿಸೋದು ಅಂತ ಆಯಿತು. ನಾನೇ ಕರೆದುಕೊಂಡು ಹೋಗ್ತೀನಿ, ಸೋಮವಾರ ರಾತ್ರಿ ಬಸ್ ಹತ್ತುತ್ತೇನೆ. ಅಪ್ಪ ಈಗ ಫೋನ್ ಮಾಡಿ, ಡಾಕ್ಟರ ಹತ್ತಿರ ಹೋಗುವಾಗ ಪ್ಯಾಂಟ್ ಹಾಕ್ಕೋಬೇಕಾ ಅಂತ ಕೇಳಿದರು.

ಹಾಸನದ_ಸರ್ಜನ್ · ಶನಿವಾರ ಬೆಳಿಗ್ಗೆ 8:20

ಪಂಚೆಯಲ್ಲೇ ಬರಲಿ. ನೋಡಲು ನಮಗೂ ಅನುಕೂಲ.